ಇಮಾಮಸಾಬರ ಹೆಸರು ಕೆಡಿಸಿದ ಅಂಗಳ

ಲಕ್ಷ್ಮೇಶ್ವರದ ನಮ್ಮ ಮನೆಯ ಮುಂದೆ, ಗೇಟಿನಿಂದ ಬಾಗಿಲವರೆಗೆ ಹಾಸಿದ ಬ್ಲಾಕುಗಳು ಮೊದಲ ಮಳೆಗೇ ಕುಸಿದವು. ಅದು ನನ್ನ ತಪ್ಪು. ಅದನ್ನು ಗಾರೆ ಕೆಲಸದ ಗೌಂಡಿ ಇಮಾಮಸಾಬರ ತಲೆಗೆ ಕಟ್ಟಿದವಳೂ ನಾನೇ. ಎಂಟು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ — ನನ್ನ ಗಂಡನಿಗೂ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಊರಿಗೆಲ್ಲ ‘ಅಕ್ಕೋರು’. ಮನೆ ಕಟ್ಟಿ ಮುಗಿದಿತ್ತು, ಮುಂದಿನ ದಾರಿಯೊಂದೇ ಬಾಕಿ. ನಮ್ಮ ನೆಲ ಅಪ್ಪಟ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ನಾದಿದ ಹಿಟ್ಟಿನಂತೆ ಉಬ್ಬುತ್ತದೆ. ಬೆಳ್ಳಟ್ಟಿಯಿಂದ ದಿನಾ ಮೋಟರ್ ಸೈಕಲ್ಲಿನಲ್ಲಿ ಬರುತ್ತಿದ್ದ ಇಮಾಮಸಾಬರು ಮೊದಲ ದಿನವೇ ಹೇಳಿದ್ದರು:

“ಅಕ್ಕೋರ, ಎರಿ ಮಣ್ಣು ಮೊಣಕಾಲ ಮಟಾ ತಗೀಬೇಕ್ರಿ. ಹರಳಿನ ಗರಸು ಮಣ್ಣು ತುಂಬಿ, ನೀರು ಬಿಟ್ಟು, ಬಡದು, ಎಂಟು ದಿನಾ ಕೂಡಾಕ ಬಿಡಬೇಕು. ಬ್ಲಾಕು ಕಡೀಗೆ.”

ಗೃಹಪ್ರವೇಶಕ್ಕೆ ಉಳಿದಿದ್ದು ಐದೇ ದಿನ. ಶಾಲೆಯವರೆಲ್ಲ ಬರುವವರಿದ್ದರು. ಅವರ ಕಾರುಗಳು ಬಾಗಿಲವರೆಗೆ ಬಂದು ನಿಲ್ಲಬೇಕು — ಅದು ಆಸೆಯೋ, ಬರೀ ಡೌಲೋ… ಡೌಲೇ. ಇಮಾಮಸಾಬರು ಮಗಳ ಹೆರಿಗೆಗೆಂದು ಎರಡು ದಿನ ಹರ್ತಿಗೆ ಹೋದರು. ಟೆಂಪೋ ಬಾಡಿಗೆಗೆ ಹೋಗಿದ್ದ ಗಂಡನೂ ಊರಲ್ಲಿರಲಿಲ್ಲ. ಇಮಾಮಸಾಬರು ಆಚೆ ಹೋದದ್ದೇ ತಡ, ನಾನು ಕೂಲಿಯವರನ್ನು ನಿಲ್ಲಿಸಿಕೊಂಡು ಗೇಣಾಳದಷ್ಟೇ ಮಣ್ಣು ತೆಗೆಸಿದೆ, ಮೇಲೆ ಉಸುಕು ಹರಡಿಸಿದೆ, ಬ್ಲಾಕು ಹಾಸಿಸಿಬಿಟ್ಟೆ.

ಅಜ್ಜನಾದ ಖುಷಿಯಲ್ಲಿ ಪೇಢೆ ಹಿಡಿದು ಬಂದ ಅವರು ನೆಲ ನೋಡಿದವರೇ ಪೇಢೆ ಕೆಳಗಿಟ್ಟರು. ಸಂದಿಯಲ್ಲಿ ಸಲಾಕೆ ಚುಚ್ಚಿದರು. ಅದು ಸರ್ರನೆ ಇಳಿಯಿತು.

“ಇದು ಕುಸೀತೈತ್ರಿ ಅಕ್ಕೋರ. ತಗದು ಮತ್ತ ಹಾಕೂಣು.”

“ಈಗ ಟೈಮಿಲ್ರಿ. ಅಂಚು ಕಟ್ಟಿ ಮುಗಸ್ರಿ” ಎಂದೆ.

ಗೃಹಪ್ರವೇಶವೇನೋ ಚೆಂದವಾಗಿ ಆಯಿತು. ಮುಂದಿನ ವಾರ ಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ನಡುವಿನ ಬ್ಲಾಕುಗಳು ತಟ್ಟೆಯಂತೆ ತಗ್ಗಿದ್ದವು, ಅಂಚಿನವು ಹಲ್ಲಿನಂತೆ ಎದ್ದಿದ್ದವು. ಓಣಿಯವರು ಗೇಟಿನ ಬಳಿ ಸೇರಿದರು. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ವೀರಪ್ಪನವರು ತಮ್ಮ ಅಂಗಳವನ್ನೂ ಇಮಾಮಸಾಬರಿಗೇ ಒಪ್ಪಿಸುವವರಿದ್ದರು. “ಏನಾತ್ರಿ ಅಕ್ಕೋರ ಇದು?” ಎಂದು ಕೇಳಿದರು.

ಇಮಾಮಸಾಬರು ಅಲ್ಲೇ ಇದ್ದರು, ಹಿತ್ತಲ ಕೆಲಸಕ್ಕೆ ಬಂದವರು. ಅವರನ್ನು ನೋಡಿಯೇ ನಾನು ಅಂದೆ — “ಕೆಲಸಾ ಬರಲಾರದವ್ರನ್ನ ನಂಬಿ ಕೆಟ್ಟೆ ನೋಡ್ರಿ.”

ಅಷ್ಟೇ ಮಾತು. ಅವರು ಬಾಯಿ ತೆರೆಯುತ್ತಾರೆ, ನನ್ನ ಮಾನ ಹೋಗುತ್ತದೆ ಎಂದು ಹೆದರಿದೆ. ಅವರು ಬಾಯಿ ತೆರೆಯಲಿಲ್ಲ. ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದರು.

ವೀರಪ್ಪನವರು ಬೇರೆ ಗೌಂಡಿಯನ್ನು ಕರೆದರು. ನಮ್ಮ ಓಣಿಯಲ್ಲಿ ಆಮೇಲೆ ಎಷ್ಟೋ ಮನೆ ಎದ್ದವು, ಇಮಾಮಸಾಬರನ್ನು ಯಾರೂ ಕರೆಯಲಿಲ್ಲ. ಒಮ್ಮೆ ಶಿರಹಟ್ಟಿಯಲ್ಲಿ ಕಂಡರು. ಗೌಂಡಿಯಾಗಿದ್ದವರು ಇನ್ನೊಬ್ಬ ಗೌಂಡಿಯ ಕೈಕೆಳಗೆ ಕಲ್ಲು ಹೊರುತ್ತಿದ್ದರು. ಬುಟ್ಟಿ ಇಳಿಸಿ, “ಆರಾಮ ಅದೀರಿ, ಅಕ್ಕೋರ?” ಎಂದು ಕೇಳಿದರು. ಬೈದಿದ್ದರೆ — ಬೈದಿದ್ದರೂ ನಾನು ನಿಜ ಹೇಳುತ್ತಿರಲಿಲ್ಲವೇನೋ.

ಹೋದ ಬೇಸಿಗೆಯ ರಜೆಯಲ್ಲಿ ಆ ಬ್ಲಾಕುಗಳನ್ನು ಕಿತ್ತೆ. ಇನ್ನೊಬ್ಬ ಗೌಂಡಿಯನ್ನು ಕರೆಯಲು ಮನಸ್ಸು ಒಪ್ಪಲಿಲ್ಲ. ಕೆಟ್ಟರೆ ಈ ಸಲ ದೂರಲು ಯಾರೂ ಇರಬಾರದು. “ಐವತ್ತೆರಡು ವರ್ಷಕ್ಕ ಗುದ್ದಲಿ ಹಿಡೀತಿಯೇನ?” ಎಂದು ಗಂಡ ಬಸವರಾಜ ನಕ್ಕರು. ಹಿಡಿದೆ. ಮೊಣಕಾಲ ಮಟ್ಟ ತೆಗೆಯಲು ಹದಿನೇಳು ದಿನ ಬೇಕಾಯಿತು. ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಗರಸು ತುಂಬಿ, ನೀರು ಬಿಟ್ಟು, ಬಾಡಿಗೆಯ ಯಂತ್ರದಿಂದ ಬಡಿದೆ. ಎಂಟಲ್ಲ, ಹತ್ತು ದಿನ ಬಿಟ್ಟೆ. ಆಮೇಲೆ ಉಸುಕು, ಸಾಲು ನೇರ ಹಿಡಿಯಲು ದಾರ, ಒಂದೊಂದೇ ಬ್ಲಾಕು. ಅರ್ಧ ಹಾಸಿದ ಮೇಲೆ ಗೊತ್ತಾಯಿತು — ಇಳಿಜಾರು ಮನೆಯ ಕಡೆಗೇ ಬಂದಿದೆ! ಕೂತು ಅತ್ತೆ. ಎದ್ದು ಎಲ್ಲ ತೆಗೆದು ಮತ್ತೆ ಹಾಸಿದೆ.

ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನ ಬಸವರಾಜ ತಮ್ಮ ಟೆಂಪೋದಲ್ಲಿ ಈರುಳ್ಳಿ ಚೀಲ ಹೇರಿಕೊಂಡು ಬಂದರು. ನಾನೇ ಗೇಟು ತೆರೆದು, “ಬರ್ರಿ, ಒಳಗ ಬರ್ರಿ!” ಎಂದು ಕೂಗಿದೆ. ಗಾಲಿ ಉರುಳಿತು, ಬಾಗಿಲವರೆಗೆ ಬಂತು, ನಿಂತಿತು. ಒಂದು ಬ್ಲಾಕು — ಒಂದೇ ಒಂದು — ಕದಲಲಿಲ್ಲ. ಕೆಸರು ಕೈಯಲ್ಲೇ ಚಪ್ಪಾಳೆ ಹೊಡೆದೆ. ಓಣಿಯೆಲ್ಲ ಬಂತು. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ಆಗ ವೀರಪ್ಪನವರು ಅಂದರು: “ಭೇಷ್, ಅಕ್ಕೋರ! ಆ ಇಮಾಮಸಾಬಗ ಬರಲಾರದ್ದು ನಿಮಗ ಬಂತಲ್ರಿ!”

ಎಲ್ಲರೂ ನಕ್ಕರು. ನಾನೂ ನಕ್ಕುಬಿಡಬಹುದಿತ್ತು. ಆದರೆ ಈ ನೆಲದ ಒಂದೊಂದು ಅಂಗುಲವೂ ಅವರು ಹೇಳಿದ ಹಾಗೆಯೇ…

“ಇಲ್ರಿ,” ಎಂದೆ. “ಇದು ಅವರು ಹೇಳಿದ್ದ ರೀತಿ. ಆವಾಗ ಅವರಿಲ್ಲದಾಗ ಹಾಸಿಸಿದಾಕಿ ನಾನು. ಬ್ಯಾಡ ಅಂದ್ರೂ ಕೇಳಲಿಲ್ಲ. ಸುಳ್ಳು ಹೇಳಿ ಅವರ ಹೆಸರು ಕೆಡಿಸೀನಿ.”

ಬಸವರಾಜ ಟೆಂಪೋದಿಂದ ಇಳಿದು, ಮೆಲ್ಲಗೆ, “ನನಗರ ಹೇಳಬಾರದಿತ್ತೇನ?” ಎಂದರು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಬೆಳ್ಳಟ್ಟಿಗೆ ಹೋದೆ. ಇಮಾಮಸಾಬರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

“ಖರೇ ಏನಂತ ನನಗ ಗೊತ್ತಿತ್ತಲ್ರಿ, ಅಕ್ಕೋರ,” ಎಂದರು. “ಓಣಿಗೆ ಗೊತ್ತಿರಲಿಲ್ಲ.”

“ನಿನ್ನೆ ಹೇಳೀನ್ರಿ. ಎಲ್ಲಾರ ಮುಂದ.”

ಅವರು ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟಿದರು. ನನ್ನ ಕಣ್ಣು ತುಂಬಿದ್ದವು, ಅವರವೂ. “ಹಂಗಾರ ನಡೀರಿ. ನೆಲಾ ನೋಡೂಣು.”

ಆ ಓಣಿಗೆ ಎಂಟು ವರ್ಷದ ಮೇಲೆ ಅವರು ತಲೆಯೆತ್ತಿ ನಡೆದು ಬಂದರು. ನಾಲ್ಕೂ ಮೂಲೆಯಲ್ಲಿ ನಿಂತರು, ಕೂತು ಒಂದು ಕಣ್ಣು ಮುಚ್ಚಿ ಸಾಲು ನೋಡಿದರು. “ನಾಕನೇ ಸಾಲು ಸ್ವಲ್ಪ ವಾರೆ ಆಗೈತಿ,” ಎಂದರು. “ಉಳಿದಿದ್ದು… ನಾ ಮಾಡಿದ್ರೂ ಹಿಂಗ ಮಾಡ್ತಿದ್ದೆ.” ನನಗೆ ಸಿಕ್ಕ ಯಾವ ಹೊಗಳಿಕೆಯೂ ಇದಕ್ಕೆ ಸಮನಲ್ಲ.

ವೀರಪ್ಪನವರು ರಸ್ತೆ ದಾಟಿ ಬಂದರು. ಸ್ವಲ್ಪ ತಡವರಿಸಿ, “ನಮ್ಮ ಅಂಗಳಾ ಪೂರಾ ಎದ್ದೈತಿ. ನೀವು ಮಾಡಿಕೊಡ್ತೀರೇನ್ರಿ?” ಎಂದು ಕೇಳಿದರು.

“ಮಾಡೂಣು,” ಎಂದರು ಇಮಾಮಸಾಬರು. ನನ್ನ ಕಡೆ ತಿರುಗಿ, “ಅಕ್ಕೋರು ದಾರಾ ಹಿಡೀಲಿ.”

ಹಿಡಿದೆ. ಎರಡು ಭಾನುವಾರ, ಇಡೀ ಓಣಿ ನೋಡುತ್ತಿರುವಾಗ, ಅವರು ಹೇಳಿದಲ್ಲಿ ಕೂತೆ, ಹೇಳಿದಾಗ ಎದ್ದೆ. ಈಗ ಅವರ ಕೈಕೆಳಗೆ ಆರು ಜನ ಇದ್ದಾರೆ, ಮುಂಡರಗಿಯವರೆಗೂ ಕೆಲಸ.

ಅವರು ಕ್ಷಮಿಸಿದೆ ಎಂದು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಅವರು ಕಲ್ಲು ಹೊತ್ತ ಎಂಟು ವರ್ಷ ನನ್ನ ಯಾವ ಮಾತಿನಿಂದಲೂ ಹಿಂದಕ್ಕೆ ಬರುವುದಿಲ್ಲ. ಯಾರಾದರೂ ಗೇಟಿನ ಬಳಿ ನಿಂತು ಈ ಕೆಲಸ ಯಾರದ್ದೆಂದು ಕೇಳಿದರೆ ಅವರ ಹೆಸರು ಹೇಳುತ್ತೇನೆ. ಆಮೇಲೆ, ಕೇಳದಿದ್ದರೂ, ನಾನು ಮಾಡಿದ್ದನ್ನೂ ಹೇಳುತ್ತೇನೆ.