ಸೋಪು ಹಾಕಿ ತೊಳೆದ ಕೈ

ಅವರ ಅಂಗಿಯ ಎಡಜೇಬು ಉಸಿರಾಡುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಅವರ ಮೇಜಿನ ಮುಂದೆ ನಿಂತಾಗ ನಾನು ಕಂಡಿದ್ದು ಅವರ ಮುಖವನ್ನಲ್ಲ, ಆ ಜೇಬನ್ನು. ದಪ್ಪ ಖಾದಿಯ ದೊಡ್ಡ ಜೇಬು, ಬಾಯಿಗೆ ಒಂದು ಗುಂಡಿ. ಅದು ಉಬ್ಬುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಗುಂಡಿಯ ಪಕ್ಕದಿಂದ ಒಂದು ಪುಟ್ಟ ಗುಲಾಬಿ ಮೂಗು ಹೊರಗೆ ಬಂತು.

"ಎಂತ ನೋಡ್ತ್ರಿ ಅಕ್ಕೋರೆ? ಸಹಿ ಮಾಡೂದು ಪುಸ್ತಕದಲ್ಲಿ, ನನ್ನ ಜೇಬಿನ ಮೇಲಲ್ಲ" ಎಂದರು ನಮ್ಮ ಹೆಡ್‌ಮಾಸ್ತರರು. ಇಡೀ ಸ್ಟಾಫ್ ರೂಮು ನಕ್ಕಿತು. ಅವರು ನಗಲಿಲ್ಲ.

ಶಿರಾಲಿ ಹತ್ತಿರದ ಆ ಹೈಸ್ಕೂಲಿಗೆ ನಾನು ಸೇರಿದ್ದು ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದಾಗ. ಹೆಡ್‌ಮಾಸ್ತರರು ಕತಗಾಲ ಕಡೆಯವರು, ಮದುವೆಯಾಗದವರು, ಗಣಿತದ ಮೇಷ್ಟರು. ಜೇಬಿನಲ್ಲಿದ್ದದ್ದು ಎರಡು ಶುಗರ್ ಗ್ಲೈಡರ್, ಒಂದು ಗಂಡು, ಒಂದು ಹೆಣ್ಣು. ಮಕ್ಕಳ ಬಾಯಲ್ಲಿ ಅವು ದುಬೈ ಅಳಿಲು. ಬೂದು ಮೈ, ಹಣೆಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ, ಮುಖಕ್ಕಿಂತ ದೊಡ್ಡ ಕಣ್ಣು. ಮುಂಗಾಲಿಗೂ ಹಿಂಗಾಲಿಗೂ ನಡುವೆ ತೆಳ್ಳನೆಯ ಚರ್ಮ. ಕಪಾಟಿನ ಮೇಲಿಂದ ಹಾರಿದರೆ ಕರ್ಚೀಫು ಬಿಡಿಸಿದ ಹಾಗೆ ಅಗಲವಾಗಿ ತೇಲಿ ಬಂದು ಮಾಸ್ತರರ ಹೆಗಲಿಗೆ ಅಂಟಿಕೊಳ್ಳುತ್ತಿದ್ದವು. ದುಬೈಯಲ್ಲಿ ಅಂಗಡಿ ಇಟ್ಟಿದ್ದ ಭಟ್ಕಳದ ಹಳೆಯ ವಿದ್ಯಾರ್ಥಿಯೊಬ್ಬ ಪಂಜರ ಸಮೇತ ತಂದುಕೊಟ್ಟಿದ್ದನಂತೆ. ಮಾಸ್ತರರು ಬೆತ್ತ ಮುರಿಯುವ ಹಾಗೆ ಹೊಡೆದದ್ದರಿಂದಲೇ ತಾನು ಗಣಿತದಲ್ಲಿ ಪಾಸಾದೆ ಎಂದು ಅವನು ಎಲ್ಲರ ಮುಂದೆ ಹೇಳಿದ್ದನಂತೆ. ಅದು ಉಡುಗೊರೆಯೋ ಸೇಡೋ ಎಂದು ನನಗೆ ಇವತ್ತಿಗೂ ಅನುಮಾನ.

ಯಾಕೆಂದರೆ ಆ ಮನುಷ್ಯನನ್ನು ಪ್ರೀತಿಸುವುದು ಸುಲಭವಿರಲಿಲ್ಲ. ಪ್ರಮೇಯ ತಪ್ಪಿದ ಹುಡುಗನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, "ಗೋಡೆಗೆ ವಿವರಿಸು. ಅದಕ್ಕಾದರೂ ತಲೆಗೆ ಹೋಗ್ತದೆ" ಎನ್ನುತ್ತಿದ್ದರು. ನಮ್ಮ ಪಾಠ ಟಿಪ್ಪಣಿಯನ್ನು ತಿದ್ದುತ್ತಿರಲಿಲ್ಲ, ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಒಂದು ಪ್ರಶ್ನೆ ಬರೆದು ವಾಪಸು ಎಸೆಯುತ್ತಿದ್ದರು: "ಯಾರಿಗಾಗಿ?" ಮೊದಲ ತಿಂಗಳು ನನಗೆ ಅದು ಹನ್ನೊಂದು ಸಲ ಬಂತು. ಬಾಡಿಗೆ ಕೋಣೆಗೆ ಹೋಗಿ ಅತ್ತೆ. ಹನ್ನೆರಡನೆಯ ಸಲ, ಹಿಂದಿನ ಬೆಂಚಿನಲ್ಲಿ ಕೂರುವ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದೆ. ಅವತ್ತು ಕೆಂಪು ಶಾಯಿ ಬರಲಿಲ್ಲ. ಕಲಿಸುವುದನ್ನು ನಾನು ಕಲಿತದ್ದು ಹಾಗೆ, ಬೈಸಿಕೊಂಡು.

ಆ ಪ್ರಾಣಿಗಳ ಹತ್ತಿರ ಮಾತ್ರ ಅವರ ದನಿ ಬೇರೆ. ಜೇಬಿನೊಳಗೆ ಬಾಯಿಟ್ಟು ತಮ್ಮ ಮನೆಮಾತಿನಲ್ಲಿ, "ಎಂತ ಆತು? ಹಶು ಆತ? ತಡಿ, ಬತ್ತೆ" ಎನ್ನುತ್ತಿದ್ದರು. ಬಾಳೆಹಣ್ಣು, ಜೇನು, ತುಪ್ಪ ಹಾಕಿದ ಅನ್ನ, ಖರ್ಜೂರ. ಏಕಾದಶಿಯ ದಿನ ಅವಕ್ಕೂ ಫಲಾಹಾರ. ಸಂಜೆ ಐದಕ್ಕೆ ಅವರು ಹತ್ತನೆಯ ತರಗತಿಗೆ ಹೆಚ್ಚಿನ ಪಾಠ ಮಾಡುವಾಗ ಪ್ರಾಣಿಗಳ ಕಾವಲು ನನ್ನದು. "ನಿಮಗೆ ಗಂಡ ಇಲ್ಲ, ಮಕ್ಕಳಿಲ್ಲ. ಬೇಗ ಹೋಗಿ ಎಂತ ಮಾಡ್ತ್ರಿ? ಇವನ್ನ ನೋಡ್ಕಣಿ." ನಾನು ಪ್ರೊಬೇಷನ್ನಿನಲ್ಲಿದ್ದೆ. ಅವರು ವರದಿ ಬರೆದರೆ ಕೆಲಸ ಖಾಯಂ, ಇಲ್ಲದಿದ್ದರೆ ಹೊಳೆದಡದ ನಮ್ಮೂರು ಅಘನಾಶಿನಿಗೆ ವಾಪಸು ಹೋಗಿ ಅಮ್ಮನ ಜೊತೆ ಸೊಂಟದ ಮಟ್ಟದ ನೀರಿನಲ್ಲಿ ಬಳಚು ಚಿಪ್ಪುಮೀನು ಹೆಕ್ಕಬೇಕು. ನೋಡಿಕೊಂಡೆ.

ಮಳೆಗಾಲ ಮುಗಿಯುವಾಗ ಹೆಣ್ಣಿನ ಹಿಂಗಾಲು ಸೋತವು. ಪಂಜರದಲ್ಲಿ ಮುಂಗಾಲಿನಿಂದ ಮೈ ಎಳೆದುಕೊಂಡು ತೆವಳುತ್ತಿತ್ತು. ಗಂಡು ಅದರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಮಾಸ್ತರರು ಅದನ್ನು ಭಟ್ಕಳದ ದನದ ಡಾಕ್ಟರರ ಹತ್ತಿರ ಒಯ್ದರು, ಪಂಜರ ಹಿಡಿಯಲು ನಾನೂ ಹೋದೆ. ಆ ಡಾಕ್ಟರು ಇಂಥದ್ದನ್ನು ಕಂಡವರಲ್ಲ. ಯಾರಿಗೋ ಫೋನು ಮಾಡಿ ಕೇಳಿ ಬಂದು ಹೇಳಿದರು: "ಇದು ಹುಳ ತಿನ್ನೋ ಪ್ರಾಣಿ ಸರ್. ಬರೇ ಬಾಳೆಹಣ್ಣಿಗೆ ಮೂಳೆ ಸವೆದು ಹೋಗಿದೆ. ಮೊಟ್ಟೆನೋ ಮೀನೋ ಏನಾದ್ರೂ ಹಾಕಿ. ಬರೇ ಮಾತ್ರೆ ಕೊಟ್ಟರೆ ಆಗೂದಿಲ್ಲ."

"ನಮ್ಮ ಕೈಲಿ ಅದೆಲ್ಲ ಆಗ್ತಿಲ್ಲೆ. ಮಾತ್ರೆ ಬರಕೊಡಿ" ಎಂದರು ಮಾಸ್ತರರು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಎದೆಗೆ ಒತ್ತಿಕೊಂಡೇ ಕೂತಿದ್ದರು. ಕಣ್ಣು ಒರೆಸಿಕೊಂಡದ್ದನ್ನು ಕಂಡೆ. ಅಳುತ್ತಾರೆ, ಆದರೆ ಒಂದು ಮೊಟ್ಟೆ ಒಡೆಯುವುದಿಲ್ಲ! ನನಗೆ ಮೈಯೆಲ್ಲ ಉರಿಯಿತು.

ಆ ಭಾನುವಾರ ಊರಿಗೆ ಹೋಗಿ ಅಮ್ಮನ ಹತ್ತಿರ ಒಣಶೆಟ್ಲಿ ಕೇಳಿದೆ. ಸಿಪ್ಪೆ ಸಮೇತ ಒಣಗಿಸಿದ ಸಣ್ಣ ಸೀಗಡಿ. ಹುರಿದು ಪುಡಿಮಾಡಿ, ಕ್ಯಾಮೆರಾ ರೋಲಿನ ಖಾಲಿ ಡಬ್ಬಿಯಲ್ಲಿ ತುಂಬಿ ಬ್ಯಾಗಿನಲ್ಲಿಟ್ಟುಕೊಂಡೆ. ಸಂಜೆ ಮಾಸ್ತರರು ಪಾಠಕ್ಕೆ ಹೋದ ಮೇಲೆ ಬಾಳೆಹಣ್ಣಿಗೆ ಕಲಸಿ ಬೆರಳ ತುದಿಯಲ್ಲಿ ಹಿಡಿದೆ. ಹೆಣ್ಣು ನನ್ನ ಬೆರಳನ್ನು ಎರಡೂ ಕೈಯಿಂದ ಹಿಡಿದುಕೊಂಡು ನೆಕ್ಕಿತು. ಅಷ್ಟು ಸಣ್ಣ ಕೈ, ಉಗುರು ಸಮೇತ. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಒಂದೂವರೆ ತಿಂಗಳಿಗೆ ಅದು ಪಂಜರದ ಸಳಿ ಹತ್ತಿತು. ಇನ್ನೂ ಕೆಲವು ದಿನಕ್ಕೆ ಭೂಪಟದ ಮೇಲಿಂದ ಹಾರಿ ಮಾಸ್ತರರ ಹೆಗಲಿಗೆ ಬಂತು. ಸ್ಟಾಫ್ ಮೀಟಿಂಗಿನಲ್ಲಿ ಅವರು ಇಪ್ಪತ್ತು ನಿಮಿಷ ಸಾತ್ವಿಕ ಆಹಾರದ ಮಹಿಮೆಯ ಬಗ್ಗೆ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತು ನಗು ನುಂಗಿದೆ. ಅಲ್ಲಿಗೇ ನಿಂತಿದ್ದರೆ ಇದು ಒಳ್ಳೆಯ ಕತೆ.

ಜನವರಿಯಲ್ಲಿ ಪಾಲಕರ ಸಭೆ. ನೂರು ಜನ ಕೂತಿದ್ದಾರೆ. ಮಕ್ಕಳಿಗೆ ತೋರಿಸಲು ಪಂಜರವನ್ನು ವೇದಿಕೆಗೆ ತನ್ನಿ ಎಂದರು ಮಾಸ್ತರರು. ಒಯ್ದಿಟ್ಟೆ. ಮುಚ್ಚಳ ತೆಗೆಯಲು ಕೈ ಇಟ್ಟಾಗ ಮೈಕಿನ ಮುಂದೆಯೇ ಹೇಳಿದರು: "ಅಕ್ಕೋರೆ, ಇವನ್ನ ಮುಟ್ಟೂದಾದ್ರೆ ಮೊದಲು ಸೋಪು ಹಾಕಿ ಕೈ ತೊಳಕಂಡು ಬನ್ನಿ. ಅಘನಾಶಿನಿ ಹೊಳೆ ಪೂರಾ ನಿಮ್ಮ ಕೈಲೇ ಇದ್ದು."

ಸಭೆ ಗೊಳ್ಳೆಂದಿತು. ನನ್ನ ತರಗತಿಯ ಮಕ್ಕಳೂ ನಕ್ಕರು. ಅವರಲ್ಲಿ ಅರ್ಧದಷ್ಟು ಮಂದಿ ಮೀನು ತಿನ್ನುವ ಮನೆಯವರೇ. ನಾನು ಬಾವಿಕಟ್ಟೆಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ.

ಮರುದಿನವೂ ತೊಳೆದೆ. ಅದರ ಮರುದಿನವೂ. ಡಬ್ಬಿಯನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಬರೀ ಬಾಳೆಹಣ್ಣು ಹಿಡಿದೆ. ಹೆಣ್ಣು ನನ್ನ ಒಂದೊಂದೇ ಬೆರಳು ಮೂಸಿ, ನೆಕ್ಕಿ, ಉಗುರಿನ ಸಂದಿಯಲ್ಲಿ ಹುಡುಕಿ, ನನ್ನ ಮುಖ ನೋಡುತ್ತಿತ್ತು. ನಾನೂ ನೋಡಿದೆ. ಇದು ನಿನ್ನ ಮಾಸ್ತರರ ಅಪ್ಪಣೆ, ನನ್ನದಲ್ಲ ಎಂದು ಮನಸ್ಸಿನಲ್ಲೇ ಹೇಳಿದೆ. ಅದಕ್ಕೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಊರಿಗೆ ಹೋದಾಗ ಅಮ್ಮ ಕೇಳಿದಳು, "ಶೆಟ್ಲಿ ಖಾಲಿ ಆತನೇ? ಇನ್ನೊಂದು ಸಲ್ಪ ಕಟ್ಕೊಡ್ಲಾ?"

"ಬೇಡ, ಸಾಕು" ಎಂದು ನಡೆದದ್ದನ್ನು ಹೇಳಿದೆ.

ಅಮ್ಮ ಶೆಟ್ಲಿ ಕಟ್ಟಲು ತೆಗೆದ ಕಾಗದವನ್ನು ಮಡಚಿಟ್ಟಳು. "ಅಂವ ಹೇಳ್ದ, ಹೌದು. ಆ ಜೀವ ಎಂತ ಮಾಡಿತ್ತೆ ನಿಂಗೆ?"

ನಾನು ಬಸ್ಸು ಹತ್ತಿದೆ.

ಮಾರ್ಚಿನಲ್ಲಿ ಮತ್ತೆ ಹಿಂಗಾಲು ಹೋದವು. ಮಾಸ್ತರರು ಮಾತ್ರೆ ಅರೆದರು, ಎಳ್ಳು ಅರೆದರು, ದೇವರಿಗೆ ಹರಕೆ ಹೊತ್ತರು. ಆ ದಿನಗಳಲ್ಲಿ ಸಂಜೆ ಪಾಠಕ್ಕೆ ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನನ್ನು ನೋಡಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಜೇಬಿನೊಳಗೇ ಅದು ಸತ್ತಿತ್ತು. ಗಂಡು ಆಹಾರ ಬಿಟ್ಟಿತು, ತನ್ನ ಬಾಲವನ್ನು ತಾನೇ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡು ಹತ್ತು ದಿನಕ್ಕೆ ಹೋಯಿತು. ಎರಡನ್ನೂ ಶಾಲೆಯ ಬಾದಾಮಿ ಮರದ ಬುಡದಲ್ಲಿ ಅವರೇ ಹುಗಿದರು, ಕೈ ತೊಳೆದು ಬಂದು ಎರಡನೆಯ ಪಿರಿಯಡ್ಡಿನಲ್ಲಿ ವೃತ್ತದ ಪಾಠ ಮಾಡಿದರು. ಎಡಜೇಬಿನ ಗುಂಡಿಯನ್ನು ಆಮೇಲೂ ಹಾಕಿಕೊಳ್ಳುತ್ತಿದ್ದರು.

ಆ ವರ್ಷದ ಕೊನೆಗೆ ಅದೇ ಕೆಂಪು ಶಾಯಿಯಲ್ಲಿ ನನ್ನ ವರದಿ ಬರೆದರು. ಆಡಳಿತ ಮಂಡಳಿಯ ಗುಮಾಸ್ತರು ತೋರಿಸಿದರು. "ಪಾಠ ಸಾಧಾರಣ, ಸುಧಾರಿಸುತ್ತಿದೆ. ಮೂಕಪ್ರಾಣಿಗಳ ಮೇಲೆ ವಿಶೇಷ ದಯೆ ಇದೆ. ಖಾಯಂ ಮಾಡಬಹುದು." ಓದಿ ಒಳಗೊಳಗೇ ನಕ್ಕೆ. ಮುದುಕನಿಗೆ ಏನೂ ತಿಳಿದಿಲ್ಲ ಎಂದುಕೊಂಡೆ.

ಆರೇಳು ವರ್ಷದ ಮೇಲೆ, ಅವರು ನಿವೃತ್ತರಾಗಿ ಉಬ್ಬಸ ಹೆಚ್ಚಾಗಿ ಕುಮಟಾದ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಡುತ್ತಿದ್ದೆ. ನನ್ನ ಕೈಯನ್ನೇ ನೋಡುತ್ತಿದ್ದರು.

"ಅದರ ಬಾಯಲ್ಲಿ ನಿಮ್ಮ ಶೆಟ್ಲಿ ವಾಸನೆ ಇರ್ತಿತ್ತು. ಮೊದಲ ದಿನವೇ ಗೊತ್ತಾಗಿತ್ತು" ಎಂದರು.

ನಾನು ತೊಳೆಯನ್ನು ತಟ್ಟೆಗೆ ಇಟ್ಟೆ. "ಗೊತ್ತಿದ್ದೂ ಸುಮ್ಮನಿದ್ರಾ ಸರ್?"

"ಬದುಕ್ತಾ ಇತ್ತಲ್ಲ."

"ನಿಲ್ಲಿಸಿದ್ದು?"

"ಅದೂ ಗೊತ್ತಾತು."

"ಮತ್ತೆ ಒಂದು ಮಾತು ಕೇಳಬಹುದಿತ್ತಲ್ಲ?"

ಉಸಿರು ಸಿಗಲು ಅವರಿಗೆ ಹೊತ್ತು ಹಿಡಿಯಿತು. "ಸಭೇಲಿ ಹಂಗೆ ಹೇಳಿದವ ನಾ. ಯಾವ ಬಾಯಲ್ಲಿ ಕೇಳೂದು? ದಿನಾ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಇವತ್ತು ಹಾಕ್ತ್ರಿ, ಇವತ್ತು ಹಾಕ್ತ್ರಿ ಅಂದ್ಕತ್ತಿದ್ದೆ."

ಅವರು ತೀರಿಕೊಂಡದ್ದು ಎರಡು ತಿಂಗಳ ನಂತರ. ಈಗ ಅವರ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಹೊಸಬರ ಪಾಠ ಟಿಪ್ಪಣಿಯ ಕೆಳಗೆ "ಯಾರಿಗಾಗಿ?" ಎಂದು ಬರೆಯುತ್ತೇನೆ, ಅವರು ಹೋಗಿ ಅಳುತ್ತಾರೆ. ನನ್ನ ಕಡತವನ್ನು ಮೊನ್ನೆ ತೆಗೆದು ನೋಡಿದೆ. ಆ ವರದಿ ಇನ್ನೂ ಅದರಲ್ಲಿದೆ, ಶಾಯಿ ಕೆಂಪಗೇ ಇದೆ. ಎಲ್ಲ ಗೊತ್ತಿದ್ದ ಮನುಷ್ಯ ನನ್ನ ದಯೆಯ ಬಗ್ಗೆ ಒಂದು ವಾಕ್ಯ ಬರೆದು ಸಹಿ ಮಾಡಿದ್ದಾರೆ. ಇಷ್ಟು ವರ್ಷ ನಾನು ಉಂಡದ್ದು ಆ ವಾಕ್ಯದ ಅನ್ನ.