ಹೊಸಿಲಲ್ಲಿ ನಫೂಸಾಳ ಕೂಗು

ಈಜಿಪ್ಟಿನ ರಶೀದ್ ಪಟ್ಟಣದ ನಮ್ಮ ಓಣಿಯಲ್ಲಿ ನಫೂಸಾ ಝಗರೂತ ಹಾಕದೆ ಯಾವ ಮದುಮಗಳೂ ಹೊಸಿಲು ದಾಟಿದ್ದಿಲ್ಲ. ಮೇಲ್ದುಟಿಗೆ ಬಲಗೈ ಅಡ್ಡ ಹಿಡಿದು, ನಾಲಗೆ ಕುಣಿಸಿ ಆ ಮಂಗಳದ ಕೂಗು ಎಬ್ಬಿಸಿದಳೆಂದರೆ ನೈಲಿನ ಆಚೆ ದಡದ ದೋಣಿಯವರೂ ತಿರುಗಿ ನೋಡಬೇಕು. ಉಪ್ಪುಮೀನು ಮಾರುವ ಹೆಂಗಸು, ಬಾಯಿ ಜೋರು. ಮೂವತ್ತು ವರ್ಷ ಅವಳ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ್ದೇನೆ, ನನಗೆ ಗೊತ್ತಿಲ್ಲವೇ!

ಮಗಳು ಇಬ್ತಿಹಾಲಳ ಮದುವೆಗೆ ನಲವತ್ತು ದಿನವಿದ್ದಾಗ ನಫೂಸಾಳ ಎಡಗಿವಿಯೊಳಗೆ ನೀರುಗುಳ್ಳೆ ಎದ್ದವು. ಉರಿ ಅಂದರೆ ಉರಿ. ನಾವು ಮಹಾ ಜಾಣೆಯರು, ಕೆಟ್ಟ ಕಣ್ಣು ಎಂದೆವು. ಧೂಪ ಹಾಕಿದೆವು, ಬೆಳ್ಳುಳ್ಳಿ ಎಣ್ಣೆ ಬಿಟ್ಟೆವು. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಕುಡಿದ ಚಹಾ ಅರ್ಧ ಗಲ್ಲದ ಮೇಲೆ ಹರಿಯಿತು. ಮುಖದ ಎಡಭಾಗ ಜೋತುಬಿದ್ದಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ.

ಅವಳ ನಾದಿನಿ ವಗೀದಾ ಹಳೇ ಚಪ್ಪಲಿ ಹಿಡಿದು ಬಂದಳು. “ಒಂದೇ ಏಟು, ಮುಖ ನೆಟ್ಟಗಾಗತ್ತೆ. ನಮ್ಮಜ್ಜಿ ಹೀಗೇ ಮಾಡ್ತಿದ್ಲು.”

“ಮೊದ್ಲು ನಿನ್ನ ಮುಖಕ್ಕೆ ಹೊಡ್ಕೊಳೇ,” ಎಂದಳು ನಫೂಸಾ ಅರ್ಧ ಬಾಯಲ್ಲೇ. “ಅದು ಹುಟ್ಟಿದಾಗಿಂದ ಸೊಟ್ಟಗಿದೆ!”

ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಕಿವಿ ನೋಡಿ, “ಚಿಕ್ಕವರಿದ್ದಾಗ ಸೀತಾಳೆ ಸಿಡುಬು ಬಂದಿತ್ತಾ?” ಎಂದರು.

“ಆರು ವರ್ಷಕ್ಕೆ. ಅಕ್ಕನ ಮದುವೆ ವಾರ.”

“ಅದೇ ವೈರಸ್ಸು ಇದು. ಹೋಗಿರ್ಲಿಲ್ಲ, ನರದ ಬುಡದಲ್ಲಿ ಮಲಗಿತ್ತು. ಈಗ ಎದ್ದು ಸರ್ಪಸುತ್ತಾಗಿ ಮುಖದ ನರ ಹಿಡಿದಿದೆ. ಬೇಗ ಬರ್ಬೇಕಿತ್ತು ತಾಯಿ. ಮಾತ್ರೆ ಕೊಡ್ತೀನಿ, ಮುಖ ಎಷ್ಟು ಸರಿಹೋಗತ್ತೋ ಹೇಳಕ್ಕಾಗಲ್ಲ.”

ನಲವತ್ತಾರು ವರ್ಷ! ಇವಳು ಮದುವೆಯಾದಳು, ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು. ಅಷ್ಟೂ ದಿನ ಅದು ಸದ್ದಿಲ್ಲದೆ ಅವಳೊಳಗೇ ಮಲಗಿತ್ತಲ್ಲ, ದೇವರೇ!

ದಾರಿಯಲ್ಲಿ ಅವಳೆಂದಳು: “ಝಗರೂತನೂ ಆ ವಾರವೇ ಕಲ್ತಿದ್ದು ಕಣೇ. ನನ್ನ ಒಳಗೆ ಮಲಗಿಸಿದ್ರು. ಹೊರಗೆ ಹೆಂಗಸರು ಕೂಗೋರು, ನಾನು ಚಾದರದೊಳಗೆ ಕೂಗ್ತಿದ್ದೆ. ಆ ಕಾಯಿಲೆ ಇನ್ನೂ ಒಳಗಿದ್ರೆ ಈ ಕೂಗೂ ಇರ್ಬೇಕಲ್ವಾ?”

ದಿನಾ ಪ್ರಯತ್ನಿಸಿದಳು. ನಾಲಗೆ ಕುಣಿಯುತ್ತಿತ್ತು, ಆದರೆ ಎಡತುಟಿಯಿಂದ ಗಾಳಿ ಸೋರಿ ಬುಸ್ಸೆನ್ನುತ್ತಿತ್ತು. ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಬ್ತಿಹಾಲಳದ್ದು ಒಂದೇ ಹಟ: “ಅಮ್ಮ ಕೂಗದೆ ನಾನು ಹೊಸಿಲು ದಾಟಲ್ಲ.”

“ನಾನು ಕೂಗ್ತೀನಿ ಬಿಡೇ,” ಎಂದಳು ವಗೀದಾ.

“ನೀನು ಕೂಗಿದ್ರೆ ವರ ಓಡಿಹೋಗ್ತಾನೆ, ಅತ್ತೆ.”

ಮದುವೆಯ ದಿನ ಬಾಗಿಲಲ್ಲಿ ತಮಟೆಯ ಸದ್ದು ನಿಂತಿತು. ಮದುಮಗಳು ಹೊಸಿಲ ಮುಂದೆ ನಿಂತಳು. ವರನ ಕಡೆಯವರು ಮುಖ ಮುಖ ನೋಡಿಕೊಂಡರು. ನಫೂಸಾ ಎಂದಿನಂತೆ ಮೇಲ್ದುಟಿಗೆ ಕೈ ಅಡ್ಡ ಹಿಡಿದಳು. ಆದರೆ ಈ ಸಲ ಎಡಗೈ. ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕಂಡಿತು: ಅಂಗೈ ಮರೆಯಲ್ಲಿ ಹೆಬ್ಬೆರಳು ಜೋತುಬಿದ್ದ ತುಟಿಯ ಮೂಲೆಯನ್ನು ಎತ್ತಿ ಬಿಗಿಹಿಡಿದಿತ್ತು.

ಕೂಗು ಮೊದಲು ಒಡೆಯಿತು. ಆಮೇಲೆ ಎದ್ದಿತು ನೋಡಿ!

ಇಬ್ತಿಹಾಲ್ ಬಲಗಾಲಿಟ್ಟು ಹೊಸಿಲು ದಾಟಿದಳು. ಅವಳು ಓಣಿಯ ತಿರುವು ದಾಟುವವರೆಗೂ ನಫೂಸಾ ಆ ಹೆಬ್ಬೆರಳನ್ನು ತೆಗೆಯಲಿಲ್ಲ.