‘ಗೊತ್ತಿಲ್ಲ’ ಅನ್ನುತ್ತಿದ್ದ ಕುರಿ ಡಾಕ್ಟರು

ನಮ್ಮ ಕುರಿ ಡಾಕ್ಟರ ಬಲಗೈ ಹೆಬ್ಬೆರಳು ಹಳದಿಯಾಗಿತ್ತು. ಅರಿಶಿನದ ಹಳದಿಯಲ್ಲ, ಗಾಯಕ್ಕೆ ಹಚ್ಚುವ ಔಷಧದ ಹಳದಿ. ಉಗುರಿನ ಸಂದಿಗೂ ಇಳಿದಿತ್ತು. ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಆ ಹೆಬ್ಬೆರಳಿನಿಂದ ಅವರು ಕುರಿಯ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡುತ್ತಿದ್ದರು. ಒಳಗೆ ಕೆಂಪಿದ್ದರೆ ಕುರಿ ಗಟ್ಟಿ ಇದೆ, ಬಿಳಚಿಕೊಂಡಿದ್ದರೆ ಮೈಯಲ್ಲಿ ರಕ್ತ ಇಲ್ಲ. ಈ ಅಭ್ಯಾಸ ಎಷ್ಟು ಅಂಟಿತ್ತೆಂದರೆ ಮನುಷ್ಯರನ್ನೂ ಬಿಡುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕೈ ಮುಂದೆ ಬರುತ್ತಿತ್ತು. ನನ್ನ ರೆಪ್ಪೆ ಎಳೆದಿದ್ದಾರೆ, ಅಪ್ಪನದು ಎಳೆದಿದ್ದಾರೆ, ಒಮ್ಮೆ ಸರಪಂಚನದೂ ಎಳೆದರು.

“ಡಾಕ್ಟರ್ ಸಾಬ್, ನಾ ಕುರಿ ತೋರ್ಸಾಕ ಬಂದೀನ್ರಿ” ಅಂದ ಸರಪಂಚ.

“ಕುರಿ ಛಲೋ ಅದ, ನಿಮ್ದೇ ಫಿಕರ್ ಆಗ್ಯದ” ಅಂದರು.

ಅವರು ನಾರಾಯಣಖೇಡದ ಪಶು ದವಾಖಾನೆಯಲ್ಲಿದ್ದರು. ಊರು ಕೊಹೀರ್ ಕಡೆ. ಹಣೆಗೆ ವಿಭೂತಿ ಹಚ್ಚದೆ ಮನೆ ಬಿಡುತ್ತಿರಲಿಲ್ಲ. ಆಫೀಸಿನಲ್ಲಿ ತೆಲುಗು, ನಮ್ಮಂಥವರ ಜೊತೆ ಕನ್ನಡ. ನಮ್ಮದು ಕಲ್ಹೇರ್ ಹತ್ತಿರದ ಹಳ್ಳಿ, ಗಡಿಯಿಂದ ತೆಲುಗು ರಾಜ್ಯದ ಕಡೆಗೆ. ಕುರಿ ಇವೆ, ಸ್ವಲ್ಪ ಹೊಲ ಇದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ತಂಗಿ ಬಿಡಲಿಲ್ಲ.

ಡಾಕ್ಟರನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಆ ಮಳೆಗಾಲ ನಮ್ಮ ಕುರಿಗಳ ದವಡೆ ಕೆಳಗೆ ಚೀಲದ ಹಾಗೆ ನೀರು ತುಂಬುತ್ತಿತ್ತು. ಬೈಕಿನ ಮೇಲೆ ಊರೂರು ತಿರುಗಿ ಸೂಜಿ ಹಾಕುವ ಒಬ್ಬನಿದ್ದ. ಅವನು ಕುರಿ ಮುಟ್ಟದೆಯೇ “ಇದ್ ನಂಗ್ ಮಾಲುಮ್ ಅದ” ಅಂದು ಸೂಜಿ ಹಾಕಿ ಹೋದ. ಕುರಿ ಸತ್ತವು. ಆಮೇಲೆ ಈ ಡಾಕ್ಟರನ್ನು ಕರೆದುಕೊಂಡು ಬಂದೆ. ಅವರು ಒಂದೊಂದೇ ಕುರಿಯ ರೆಪ್ಪೆ ಎಳೆದು ನೋಡಿದರು. ಕೊನೆಗೆ ಎದ್ದು ನಿಂತು, “ನಂಗ ಗೊತ್ತಿಲ್ಲ” ಅಂದರು.

“ಗೊತ್ತಿಲ್ಲಂದ್ರ ಹ್ಯಾಂಗ್ರಿ? ನೀವು ಸರ್ಕಾರಿ ಡಾಕ್ಟರ್ ಇದ್ದೀರಿ” ಅಂದೆ.

“ಹುಳ ಅಂತ ಕಾಣ್ತದ. ಖರೆ, ಯಾವ ಹುಳ ಗೊತ್ತಿಲ್ಲ. ಹಿಕ್ಕಿ ಕಟ್ಟಿಕೊಡು. ತೋರ್ಸಿ, ಕೇಳಿ ಬರ್ತೀನಿ.”

ಕುರಿ ಹಿಕ್ಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲಲ್ಲಿ ಕೂತು ನಕ್ಕಳು. “ಸರ್ಕಾರ ಪಗಾರ ಕೊಟ್ಟು ಹಿಕ್ಕಿ ಹೊರಸ್ತದ ನೋಡು!” ಆದರೆ ಅವರು ತಿರುಗಿ ಬಂದರು. ಕೆರೆ ಅಂಚಿನ ಹುಲ್ಲಿನಿಂದ ಬರುವ ಹುಳ ಎಂದು ತಿಳಿದುಕೊಂಡು, ಅದಕ್ಕೆ ಸರಿಯಾದ ಔಷಧ ತಂದಿದ್ದರು. ಉಳಿದ ಕುರಿ ಉಳಿದವು. ತಂಗಿ ಒಂದೊಂದೇ ಕುರಿ ಹಿಡಿದುಕೊಟ್ಟಳು, ಅವರು ಬಾಯಿಗೆ ಔಷಧ ಹೊಯ್ದರು. ಹಿಡಿದುಕೊಂಡೇ ಅವಳು ಹುಳ ಎಲ್ಲಿರುತ್ತದೆ, ಹೇಗೆ ಒಳಗೆ ಹೋಗುತ್ತದೆ, ಮನುಷ್ಯರಿಗೂ ಬರುತ್ತದಾ ಎಂದು ಕೇಳುತ್ತಲೇ ಇದ್ದಳು. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದರು, ಮುಂದಿನ ಸಲ ಬಂದಾಗ ಮರೆಯದೆ ಉತ್ತರ ತಂದರು.

ತಂಗಿಗೆ ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ಬಂದವು. ಡಾಕ್ಟರಾಗುತ್ತೇನೆ ಅಂದಳು. ಕುರಿ ಡಾಕ್ಟರಲ್ಲ, ಮನುಷ್ಯರ ಡಾಕ್ಟರು. ಅಷ್ಟು ಅಂದದ್ದೇ ತಡ, ಕಂಡವರೆಲ್ಲ ಬುದ್ಧಿ ಹೇಳತೊಡಗಿದರು. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಕೆಲಸ ಮಾಡುವ ಚಿಕ್ಕಪ್ಪ, ಹೈದರಾಬಾದಿನ ದೊಡ್ಡ ಕಾಲೇಜಿಗೆ ಹಾಕದಿದ್ದರೆ ಆಗುವುದೇ ಇಲ್ಲ ಅಂದ. ಜಹೀರಾಬಾದಿನ ಇಂಟರ್ನೆಟ್ ಅಂಗಡಿಯವನು ಮೆಡಿಕಲ್ ಸೀಟಿನ ಪರೀಕ್ಷೆ ದೇಶಕ್ಕೆಲ್ಲ ಒಂದೇ, ಎಲ್ಲಿ ಓದಿದರೂ ನಡೆಯುತ್ತದೆ ಅಂದ. ಅವನ ಅಂಗಡಿಯಲ್ಲೇ ನಿಂತಿದ್ದ ಇನ್ನೊಬ್ಬ, ಪರೀಕ್ಷೆ ಒಂದೇ, ಸೀಟು ರಾಜ್ಯಕ್ಕೊಂದು ಲೆಕ್ಕ ಅಂದ. ಪರೀಕ್ಷೆ ಒಂದೇ ಆದರೆ ಸೀಟಿನ ಲೆಕ್ಕ ಬೇರೆ ಹೇಗೆ? ನನ್ನ ತಲೆಗೆ ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ. ಲೋಕಲ್ ಅಂದರು, ನಾನ್‌ಲೋಕಲ್ ಅಂದರು, ಕೋಟಾ ಅಂದರು, ರೌಂಡು ಅಂದರು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಹೊಂದುತ್ತಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲ ಅಂದವನು ಒಬ್ಬನೂ ಇರಲಿಲ್ಲ.

ಕೊನೆಗೆ ಇಂಟರ್‌ಗೆ, ಅಂದರೆ ಹತ್ತನೇದರ ಮೇಲಿನ ಎರಡು ವರ್ಷದ ಓದಿಗೆ, ಬೀದರದ ಸೋದರಮಾವನ ಮಾತು ನಡೆಯಿತು. ಅವನದು ಅಲ್ಲಿ ಕಿರಾಣಿ ಅಂಗಡಿ. “ಅಕ್ಕಾ, ನನ್ನ ಮನ್ಯಾಗ ಇರ್ಲಿ. ಕಾಲೇಜು ಮಗ್ಗಲದಾಗೇ ಅದ. ಪಾಠ ನಮ್ಮ ಮಾತಿನಾಗ ತಿಳಿಸಿ ಹೇಳ್ತಾರ. ಹಾಸ್ಟೆಲ್‌ನಾಗ ಹಾಕಿ ಪೋರಿನ ಒಣಗಸ್ತಿ ಏನ್?” ಅಂದ. ಅವ್ವನಿಗೆ ಅಷ್ಟೇ ಸಾಕಾಯಿತು. ನನಗೂ ಸರಿ ಅನ್ನಿಸಿತು. ಟ್ರಂಕು ಬೈಕಿಗೆ ಕಟ್ಟಿ, ಅದರ ಮುಂದೆ ತಂಗಿಯನ್ನು ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ನಾರಾಯಣಖೇಡದಲ್ಲಿ ಕುರಿ ಔಷಧ ತೆಗೆದುಕೊಳ್ಳಲು ದವಾಖಾನೆ ಮುಂದೆ ನಿಲ್ಲಿಸಿದೆ.

“ಎಲ್ಲಿಗಿ ಸವಾರಿ?” ಡಾಕ್ಟರು ಟ್ರಂಕು ನೋಡಿ ಕೇಳಿದರು.

“ಬೀದರಕ್ಕರಿ. ಕಾಲೇಜಿಗಿ ಹಾಕಾಕ.”

ಕೈ ಮುಂದೆ ಬಂತು. ತಂಗಿಯ ರೆಪ್ಪೆ ಎಳೆದರು. “ರಕ್ತ ಕಮ್ಮಿ ಅದ ಅವ್ವಾ. ಮೊದಲ ಉಣ್ಣು, ಆಮ್ಯಾಲ ಡಾಕ್ಟರ್ ಆಗು” ಅಂದರು. ತಂಗಿ ನಕ್ಕಳು. ಅವರು ನಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಮತ್ತೆ ಟ್ರಂಕು ನೋಡಿದರು. “ಬೀದರದಾಗ ಓದಿದ್ರ ನೀ ಯಾವ ಕಡಿಯಾಕಿ ಆಗ್ತಿ? ಈ ಕಡಿಯಾಕಿನೋ, ಆ ಕಡಿಯಾಕಿನೋ?”

ನನಗೆ ಸಿಟ್ಟು ಬಂತು. “ಅದೇನ್ ಸವಾಲ್ರಿ ಡಾಕ್ಟರ್ ಸಾಬ್! ಬೀದರ ಯಾವಾಗ ಪರದೇಶ ಆತು? ಕುರಿ ಅಲ್ಲೇ ಮಾರ್ತೀವಿ, ಸೊಸ್ತೇರ್ನ ಅಲ್ಲಿಂದೇ ತರ್ತೀವಿ. ನಮ್ಮವ್ವ ಅಲ್ಲಿಯಾಕಿನೇ.”

“ಕುರಿಗಿ ಗಡಿ ಇಲ್ಲೋ ತಮ್ಮಾ, ಸೊಸಿಗೂ ಇಲ್ಲ. ಸೀಟಿಗಿ ಅದನೋ ಇಲ್ಲೋ ಕೇಳ್ಬೇಕು.”

“ನಿಮಗ ಗೊತ್ತಿಲ್ಲೇನ್ರಿ?”

“ಗೊತ್ತಿಲ್ಲ. ನಮ್ಮ ಕಾಲದಾಗ ಒಂದ್ ಇತ್ತು, ಈಗ ಬ್ಯಾರೆ ಅದ ಅಂತಾರ. ಸಾಲಿಯಿಂದ ಟೀಸಿ ತಗೊಂಡೀರಿ, ಅಲ್ಲಿ ಇನ್ನಾ ಕೊಟ್ಟಿಲ್ಲ, ಹೌದಿಲ್ಲೋ? ಕೊಡಬ್ಯಾಡ್ರಿ. ಒಂದ್ ದಿನ ನಿಲ್ರಿ.”

ಅಲ್ಲೇ ನಿಂತು ಬೀದರದ ಕಾಲೇಜಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಕೇಳಿಸಿತು. “ಏನೂ ಪ್ರಾಬ್ಲಂ ಇಲ್ರಿ, ಕಳ್ಸ್ರಿ, ಕಳ್ಸ್ರಿ.”

“ಕೇಳಿದ್ರಿಲ್ರಿ, ಪ್ರಾಬ್ಲಂ ಇಲ್ಲಂತ” ಅಂದೆ.

“ಅಂಗಡಿಯವಂಗ ನಿನ್ನ ಬ್ಯಾಳಿ ಹುಳಕೇನು ಅಂತ ಕೇಳಿದ್ರ ಹೌದಂತಾನೇನು?” ಅಂದರು.

ಮರುದಿನ ರಜೆ ಹಾಕಿ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಸಂಗಾರೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ನಾನು ಸೀದಾ ಆಫೀಸಿಗೆ ನಡೆದೆ. ಅವರು ತಡೆದರು. “ಹಿಂಡಿಂದು ಹಿಂಡಿಗೇ ಕೇಳ್ಬೇಕು.” ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕೂತು, ಬಿಳಿ ಕೋಟು ತೋಳಿಗೆ ಹಾಕಿಕೊಂಡು ಬರುತ್ತಿದ್ದ ಹುಡುಗ ಹುಡುಗಿಯರನ್ನೆಲ್ಲ ಹಿಡಿದು ಕೇಳತೊಡಗಿದರು. ಯಾವ ಊರು? ಇಂಟರ್ ಎಲ್ಲಿ ಓದಿದಿ? ಹತ್ತನೇದು ಎಲ್ಲಿ? ಒಬ್ಬ ಹುಡುಗನ ರೆಪ್ಪೆಯ ಕಡೆಗೂ ಕೈ ಹೋಯಿತು. ಅವನು ಹೆದರಿ ಹಿಂದೆ ಸರಿದ.

ಕೊಹೀರಿನ ಒಬ್ಬ ಹುಡುಗಿ ಸಿಕ್ಕಳು. ಕನ್ನಡ ಕೇಳಿ ಖುಷಿಯಾಗಿ ನಿಂತಳು. ಬೀದರ ಅಂದ ಕೂಡಲೇ ಅವಳ ಮುಖ ಬದಲಾಯಿತು.

“ನಮ್ ಕಾಕಾನ ಮಗಳು ಅಲ್ಲೇ ಓದಿದ್ಳರಿ. ರ‍್ಯಾಂಕ್ ನನಗಿಂತ ಛಲೋ ಬಂದಿತ್ತು. ಈ ಕಡಿಯವರು, ನೀ ಕಡೇ ಎರಡ್ ವರ್ಷ ಇಲ್ಲಿ ಓದಿಲ್ಲ, ಲೋಕಲ್ ಅಲ್ಲ ಅಂದ್ರು. ಆ ಕಡಿಯವರು, ನೀ ಎರಡೇ ವರ್ಷ ನಮ್ಮ ಕಡಿ ಓದೀದಿ, ನಮ್ಮಾಕಿ ಅಲ್ಲ ಅಂದ್ರು. ಮನ್ಯಾಗ ಕುಂತಾಳರಿ.”

ತಂಗಿ ಚಹಾ ಲೋಟ ಕೆಳಗಿಟ್ಟಳು. ಮತ್ತೆ ಎತ್ತಲಿಲ್ಲ.

ಇಷ್ಟು ಸಾಕು ಅಂದೆ ನಾನು. ಅವರಿಗೆ ಸಾಕಾಗಲಿಲ್ಲ. “ಒಂದ್ ಕುರಿ ನೋಡಿ ಹಿಂಡಿನ ಬ್ಯಾನಿ ಹೇಳಾಕ ಆಗಲ್ಲ” ಅಂದು ಆ ಹುಡುಗಿಯ ಫೋನಿನಲ್ಲಿದ್ದ ಇಂಗ್ಲಿಷ್ ನಿಯಮ ಓದಿದರು. ಒಂದು ಸಾಲಿಗೆ ಬಂದು ಓದುವುದು ನಿಲ್ಲಿಸಿದರು. “ಇದು ನಂಗ ತಿಳೀವಲ್ದು” ಅಂದರು. ಓದಿದ ಮನುಷ್ಯ ಹುಡುಗರ ಮುಂದೆ ಹೀಗೆ ಅನ್ನುತ್ತಾರಲ್ಲ ಎಂದು ನನಗೇ ನಾಚಿಕೆಯಾಯಿತು. ಅವರಿಗೆ ಆಗಲಿಲ್ಲ. ಆ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಆಫೀಸಿಗೆ ಹೋದರು. ಊಟಕ್ಕೆ ಹೋದ ಗುಮಾಸ್ತ ಬರುವವರೆಗೆ ಮೆಟ್ಟಿಲ ಮೇಲೆ ಕೂತರು. ಅವನು ಬಂದು ಓದಿ, ಹುಡುಗಿ ಹೇಳಿದ್ದೇ ಸರಿ ಅಂದ. ಈ ರಾಜ್ಯದ ಸೀಟು ಬೇಕಾದರೆ ಇಂಟರ್ ಮುಗಿಯುವ ತನಕ ಈ ರಾಜ್ಯದಲ್ಲೇ ಓದಬೇಕು. ಬೀದರಕ್ಕೆ ಹೋದರೆ ತಂಗಿ ಎರಡೂ ಕಡೆ ಹೊರಗಿನವಳು.

ವಾಪಸು ಬಸ್ಸಿನಲ್ಲಿ ನಾನು ಕಿಟಕಿ ಹತ್ತಿರ ಕೂತು ತಲೆ ಕೆಡಿಸಿಕೊಂಡಿದ್ದೆ. ಬೀದರ ಹೊರಗಿನದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಯಾವತ್ತೂ ಅನ್ನಿಸಿರಲಿಲ್ಲ. ಗಡಿ ಎಲ್ಲಿದೆ ಎಂದು ಕುರಿ ಕಾಯುವ ನನಗೂ ಗೊತ್ತಿರಲಿಲ್ಲ. ರಸ್ತೆಯ ಬೋರ್ಡಿನ ಅಕ್ಷರ ಬದಲಾಗುತ್ತದೆ, ಅಷ್ಟೇ.

“ಇದು ಈ ವರ್ಷದ ಮಾತು. ಬರೋ ವರ್ಷ ಬದಲ್ ಮಾಡಿದ್ರೂ ಮಾಡಿದ್ರು. ಆಗ ಮತ್ತ ಕೇಳ್ಬೇಕು. ನಾ ಹೇಳೀನಂತ ಸುಮ್ ಕುಂದ್ರಬ್ಯಾಡ್ರಿ” ಅಂದರು ಡಾಕ್ಟರು.

ತಂಗಿ ಕೇಳಿದಳು, “ನೀವ್ಯಾಕ ಮನಷಾರ ಡಾಕ್ಟರ್ ಆಗ್ಲಿಲ್ರಿ?”

ಅವರು ತಮ್ಮ ಹಳದಿ ಹೆಬ್ಬೆರಳು ನೋಡಿಕೊಂಡರು. “ಗೊತ್ತಿಲ್ಲ ಅವ್ವಾ” ಅಂದರು. ಅದೊಂದಕ್ಕೆ ಮಾತ್ರ ಅವರು ಮುಂದೆ ಯಾವತ್ತೂ ಉತ್ತರ ತರಲಿಲ್ಲ.

ಮನೆಯಲ್ಲಿ ಜಗಳವಾಯಿತು. ಮಾವ ಫೋನಿನಲ್ಲಿ ಕೂಗಿದ್ದು ಅಂಗಳಕ್ಕೆಲ್ಲ ಕೇಳಿತು. “ಬೀದರ ನಿಮಗ ಪರದೇಶ ಆತೇನು? ಹಿಕ್ಕಿ ನೋಡೋ ಡಾಕ್ಟರ್ ಮಾತ್ ಕೇಳಿ ಸೋದರಮಾವನ ಮನಿ ಬಿಡ್ತೀರೇನು?” ಅವ್ವ ಅತ್ತಳು. ಅಪ್ಪ ಎದ್ದು ಕುರಿ ಹಟ್ಟಿಗೆ ಹೋದ. ನಾನು ಯಾರ ಕಡೆ ಅಂತ ನನಗೇ ತಿಳಿಯಲಿಲ್ಲ. ತಂಗಿ ಟ್ರಂಕು ಬಿಚ್ಚಿ ಬಟ್ಟೆ ಹೊರಗೆ ತೆಗೆದಿಟ್ಟಳು. ಜಗಳ ಅಲ್ಲಿಗೆ ಮುಗಿಯಿತು.

ಅವಳು ಜಹೀರಾಬಾದಿನ ಹಾಸ್ಟೆಲಿನಲ್ಲಿದ್ದು ಇಂಟರ್ ಓದಿದಳು. ಮಾವ ನಮ್ಮ ಮನೆಗೆ ಬರುವುದು ಬಿಟ್ಟ. ಮೊದಲ ಸಲ ಪರೀಕ್ಷೆ ಬರೆದಾಗ ಸೀಟು ಬರುವಷ್ಟು ಮಾರ್ಕು ಬರಲಿಲ್ಲ. ಬೀದರದ ಪಾಠ ಇದ್ದಿದ್ದರೆ ಬರುತ್ತಿತ್ತು ಎಂದು ಮಾವ ಹೇಳಿ ಕಳಿಸಿದ. ಇರಬಹುದೇನೋ ಎಂದು ನನಗೂ ಅನ್ನಿಸಿತು. ಆ ವಾರ ಡಾಕ್ಟರು ಯಾವ ಕುರಿಯೂ ಬೇನೆ ಬೀಳದೆ ನಮ್ಮ ಊರಿಗೆ ಬಂದರು. ಬಂದವರೇ ತಂಗಿಯ ರೆಪ್ಪೆ ಎಳೆದರು.

“ಈಗ ಕೆಂಪ್ ಅದ. ಇನ್ನೊಂದ್ ಸಲ ಬರದ್ರ ಲೋಕಲ್ ಹೋಗ್ತದೋ ಇರ್ತದೋ ಅಂತ ಕೇಳ್ಕೊಂಡು ಬಂದೀನಿ. ಇರ್ತದ. ಬರಿ.”

“ಈ ಸಲಾನೂ ಆಗ್ಲಿಲ್ಲಂದ್ರ?” ಅಂದಳು.

“ಅದು ನಂಗ ಗೊತ್ತಿಲ್ಲ.”

ಸುಳ್ಳಾದರೂ ಆಗುತ್ತದೆ ಎಂದು ಹೇಳಬಾರದಿತ್ತಾ ಎಂದು ನನಗೆ ಬೇಜಾರಾಯಿತು. ತಂಗಿಗೆ ಆಗಲಿಲ್ಲ. ಅವಳು ಮತ್ತೆ ಓದಲು ಕೂತಳು.

ಅಷ್ಟರಲ್ಲಿ ಡಾಕ್ಟರಿಗೆ ತಾಂಡೂರಿಗೆ ವರ್ಗವಾಯಿತು. ಎರಡನೇ ಪರೀಕ್ಷೆ ಮುಗಿದು ಫಲಿತಾಂಶ ಇನ್ನೂ ಬಂದಿರಲಿಲ್ಲ. ತಾಂಡೂರಿನ ಕಡೆಯ ಒಂದು ಹಳ್ಳಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತರಂತೆ. ಕುರಿಯವರು ಆಟೋದಲ್ಲಿ ಹಾಕಿಕೊಂಡು ಓಡಿದರಂತೆ. ದಾರಿಯಲ್ಲೇ ತೀರಿಹೋದರು.

ನಾನೂ ತಂಗಿಯೂ ಅವರ ಊರಿಗೆ ಹೋದೆವು. ಅವರ ಪದ್ಧತಿಯಂತೆ ಕೂರಿಸಿದ್ದರು, ಹಣೆ ತುಂಬ ವಿಭೂತಿ, ಕೈ ಎರಡೂ ತೊಡೆಯ ಮೇಲೆ. ಮೀಯಿಸಿ ಶುಭ್ರ ಮಾಡಿದ್ದರು. ಹೆಬ್ಬೆರಳು ಮಾತ್ರ ಹಳದಿಯೇ ಇತ್ತು. ತಂಗಿ ಅದನ್ನೇ ನೋಡುತ್ತಾ ನಿಂತಳು. ನಾನು ತೋಳು ಹಿಡಿದು ಕರೆದರೂ ಬರಲಿಲ್ಲ. ಸುತ್ತ ಎಷ್ಟೊಂದು ಕುರಿಯವರು ಬಂದಿದ್ದರು. ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಎಲ್ಲಿ ನಿಲ್ಲಬೇಕೋ ತಿಳಿಯದೆ ನನ್ನ ಹಾಗೆಯೇ ನಿಂತಿದ್ದರು.

ಸೀಟಿನ ಪಟ್ಟಿ ಆಮೇಲೆ ಬಂತು. ತಂಗಿಗೆ ಸರ್ಕಾರಿ ಕಾಲೇಜು ಸಿಕ್ಕಿತು. ಲೋಕಲ್ ಅಂತಲೇ ಸಿಕ್ಕಿತು. ಫೋನ್ ಮಾಡಿ ಹೇಳಬೇಕಾದ ಮನುಷ್ಯ ಇರಲಿಲ್ಲ. ಮಾವ ಪೇಢೆ ಹಿಡಿದುಕೊಂಡು ಬೀದರದಿಂದ ಬಂದ, ಏನೂ ಆಗದವನ ಹಾಗೆ. ಬಾಗಿಲಲ್ಲೇ “ನಂಗ್ ಮೊದಲೇ ಗೊತ್ತಿತ್ತು” ಅಂದ.

ಈಗ ಯಾರಾದರೂ ಮಕ್ಕಳನ್ನು ಡಾಕ್ಟರ್ ಓದಿಸಬೇಕೆಂದು ನನ್ನನ್ನು ಕೇಳಲು ಬರುತ್ತಾರೆ. ನನಗೆ ಆ ನಿಯಮ ಈಗಲೂ ಸರಿಯಾಗಿ ತಿಳಿಯುವುದಿಲ್ಲ. ಹತ್ತನೇದು ಮುಗಿದ ಮೇಲೆ ಗಡಿ ದಾಟಿಸುವ ಮುಂಚೆ ಕೇಳಿ, ಸೀಟು ಸಿಕ್ಕವರನ್ನು ಕೇಳಿ, ಸಿಗದವರನ್ನೂ ಕೇಳಿ, ವರ್ಷ ವರ್ಷವೂ ಕೇಳಿ ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಮೊನ್ನೆ ತಂಗಿ ರಜೆಗೆ ಬಂದಿದ್ದಳು. ಆಯಿ ಕಾಲು ಚಾಚಿಕೊಂಡು ಕೂತು, “ಈ ಮೊಣಕಾಲ್ ಯಾಕ ಹಿಂಗ ಉರೀತದ, ಹೇಳು” ಅಂದಳು. ತಂಗಿ ಮುಟ್ಟಿ ನೋಡಿದಳು, ಒತ್ತಿ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಆಯಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

“ಗೊತ್ತಿಲ್ಲ ಆಯಿ. ನಮ್ಮ ಸರ್‌ಗ ಕೇಳಿ ಹೇಳ್ತೀನಿ.”

ಅವಳು ಹೋದ ಮೇಲೆ ಆಯಿ ಓಣಿಗೆಲ್ಲ ಕೇಳುವ ಹಾಗೆ ಅಂದಳು, “ಎಂಥಾ ಡಾಕ್ಟರೋ ಯಪ್ಪಾ! ಇಷ್ಟ್ ಓದ್ಸಿದ್ರೂ ಒಂದ್ ಮೊಣಕಾಲ್ ಗೊತ್ತಿಲ್ಲ ಅಂತದ ಪೋರಿ.”

ನಾನು ಕುರಿ ಬಿಟ್ಟುಕೊಂಡು ಹೋದೆ.

ಭಾನುವಾರ ಫೋನ್ ಬಂತು. “ಅಣ್ಣಾ, ಆಯಿಗಿ ಕೊಡು” ಅಂದಳು. “ಕೇಳೀನಿ.”